ಸಮುದ್ರಕ್ಕೆ ಬೆನ್ನು ಹಾಕಿ ಕೂತವರು

ದ್ವೀಪ ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಪಕ್ಕದ ಮನೆಯಾಕೆ ಕೇಳಿದಳು, ಔಷಧಿ ಅಂಗಡಿಯವನು ಕೇಳಿದ, ಕಿವಿ ನೋಡುವ ಡಾಕ್ಟರಂತೂ ನನ್ನ ಕಿವಿಯೊಳಗೆ ದೀಪ ಬಿಟ್ಟುಕೊಂಡೇ ಕೇಳಿದರು. ಚೆನ್ನಾಗಿತ್ತು ಎನ್ನುತ್ತೇನೆ. ಇನ್ನೇನು ಹೇಳಲಿ? ಐದು ದಿನ ಆರಾಮಾಗಿ ಇದ್ದು ಬನ್ನಿ ಎಂದು ಕಳಿಸಿದ್ದರು. ಆ ಐದು ದಿನದಲ್ಲಿ ನಾನು ಮಾಡಿದ ಘನಕಾರ್ಯವನ್ನು ಔಷಧಿ ಅಂಗಡಿಯವನ ಮುಂದೆ ಹೇಳಿಕೊಳ್ಳಲು ಆಗುತ್ತದೆಯೇ?

ನಾನು ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ಮೂವತ್ತೊಂದು ವರ್ಷ ನಿಂತವಳು. ಇನ್ನೂರು ಮಗ್ಗ ಒಟ್ಟಿಗೆ ಓಡುವ ಶೆಡ್ಡು ಅದು. ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವಳಿಗೆ ಕೇಳಿಸದು. ಅದಕ್ಕೇ ಸೇರಿದ ಆರು ತಿಂಗಳಲ್ಲಿ ಎಲ್ಲರೂ ಸದ್ದಿಲ್ಲದೆ ಮಾತಾಡುವುದನ್ನು ಕಲಿತುಬಿಡುತ್ತಾರೆ. ದನಿ ಹೊರಡಿಸುವ ಹಾಗಿಲ್ಲ. ತುಟಿಯನ್ನು ದೊಡ್ಡದಾಗಿ, ನಿಧಾನವಾಗಿ ಆಡಿಸಬೇಕು, ಜೊತೆಗೆ ಕೈಯಲ್ಲಿ ಒಂದಿಷ್ಟು ಸನ್ನೆ. ತುಟಿಮಾತು ಎನ್ನುತ್ತಿದ್ದೆವು. ಅದು ಬಂದವರು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹರಟೆ ಹೊಡೆಯಬಹುದು, ಜಗಳ ಆಡಬಹುದು, ಯಾರ ಮಗಳಿಗೆ ಯಾವಾಗ ಹೆರಿಗೆ ಎಂದು ವಿಚಾರಿಸಬಹುದು. ಹೆಸರಿಗೂ ಸನ್ನೆಯೇ. ಎರಡು ಹುಬ್ಬಿನ ನಡುವೆ ಬೆರಳಿಟ್ಟು ಒತ್ತಿದರೆ ಅದು ನಾನು. ಸಿಡುಕಿ ಎಂದು ಅರ್ಥ. ಸುಳ್ಳೇನೂ ಅಲ್ಲ ಬಿಡಿ.

ನನ್ನ ಎದುರಿನ ಮಗ್ಗ ಅತ್ತಿಗೆಯದು. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಗೆ ಮೊದಲೇ ನನ್ನೆದುರು ನಿಂತು ನೇಯುತ್ತಿದ್ದಳು. ಕೆಲಸ ಚೊಕ್ಕ, ಮಾತು ಕಡಿಮೆ, ನಕ್ಕರೆ ಚೆನ್ನ ಎಂದು ನಾನೇ ಮೆಚ್ಚಿ ಅಣ್ಣನಿಗೆ ತಂದುಕೊಂಡೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಹಾಗಾಗಿ ಬಾಯಿ ತುಂಬ ಅತ್ತಿಗೆ ಎಂದರೂ ನಮ್ಮಿಬ್ಬರ ನಡುವೆ ಏಕವಚನವೇ. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಬೇಡಿ, ಸಿಡುಕಿ ಎಂದು ಆಗಲೇ ಹೇಳಿದೆನಲ್ಲ. ಅಣ್ಣ ಹೋಗಿ ಹನ್ನೊಂದು ವರ್ಷ. ಅವರಿಗೆ ಮಕ್ಕಳಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಅತ್ತಿಗೆ. ಬೆಳಿಗ್ಗೆ ಒಂದೇ ಬಸ್ಸು, ಹಗಲೆಲ್ಲ ಎದುರುಬದುರು ಮಗ್ಗ, ಸಂಜೆ ಒಂದೇ ಒಲೆ. ಇಬ್ಬರಿಗೂ ಕಿವಿ ಮುಕ್ಕಾಲು ಪಾಲು ಹೋಗಿದೆ, ಆದರೂ ಮನೆಯಲ್ಲಿ ಕೂಗಾಟವಿಲ್ಲ. ಅಲ್ಲೂ ತುಟಿಯಲ್ಲೇ ಎಲ್ಲ ಮುಗಿಯುತ್ತಿತ್ತು.

ಈ ವರ್ಷ ಮಿಲ್ಲು ಮುಚ್ಚಿತು. ನಮ್ಮ ಕಣ್ಣೊರೆಸುವುದಕ್ಕೆ ಮಾಲೀಕರು ಒಂದು ಪ್ರವಾಸ ಇಟ್ಟರು. ನಲವತ್ತೆರಡು ಜನ ಹಳಬರಿಗೆ ದ್ವೀಪದಲ್ಲಿ ಐದು ದಿನ, ಊಟ ವಸತಿ ಸಮೇತ. ಕೊರಳಿಗೆ ಸೀಟಿ ಹಾಕಿಕೊಂಡ ನಡುವಯಸ್ಸಿನ ಗೈಡೊಬ್ಬ ನಮ್ಮನ್ನು ದೋಣಿ ಹತ್ತಿಸಿದ. ಪಾಪ, ಮೊದಲ ದಿನವೆಲ್ಲ ಸೀಟಿ ಊದಿ ಊದಿ ಅವನ ಕೆನ್ನೆ ನೊಂದಿತು. ಒಬ್ಬರೂ ತಿರುಗಿ ನೋಡಲಿಲ್ಲ. ಯಾರಿಗೆ ಕೇಳಿಸಬೇಕು? ಸಂಜೆ ಹೊತ್ತಿಗೆ ಅವನೇ ಬುದ್ಧಿ ಕಲಿತು ಕೆಂಪು ಟವೆಲು ಬೀಸತೊಡಗಿದ.

ಹೋಟೆಲಿನ ಮುಂದೆಯೇ ಮರಳು, ತೆಂಗಿನ ಮರ, ಆಚೆ ನೀಲಿ ನೀರು. ಮಲಗುವಂಥ ಕುರ್ಚಿಗಳನ್ನು ಸಮುದ್ರಕ್ಕೆ ಮುಖ ಮಾಡಿ ಉದ್ದಕ್ಕೆ ಸಾಲಾಗಿ ಇಟ್ಟಿದ್ದರು. ಒಂದು ಗಳಿಗೆ ಕೂತು ನೋಡಿದೆವು. ಎಲ್ಲರ ಮುಖ ನೀರಿನ ಕಡೆ. ಯಾರ ಬಾಯಿಯೂ ಯಾರಿಗೂ ಕಾಣದು, ಮಾತೇ ನಿಂತುಹೋಯಿತು. ಕೊನೆಗೆ ಹೆಂಗಸರೆಲ್ಲ ಎದ್ದು ಅರ್ಧ ಕುರ್ಚಿಗಳನ್ನು ಹಿಂದೆಮುಂದೆ ಮಾಡಿ, ಮಗ್ಗದ ಸಾಲಿನ ಹಾಗೆ ಎದುರುಬದುರು ಹಾಕಿಕೊಂಡು, ಅರ್ಧ ಜನ ಸಮುದ್ರಕ್ಕೆ ಬೆನ್ನು ಹಾಕಿ ಕೂತೆವು. ಗೈಡು ಓಡಿ ಬಂದು ಸಮುದ್ರ ಆ ಕಡೆ ಇದೆ ಎಂದು ಕೈ ತೋರಿಸಿದ. ಗೊತ್ತಪ್ಪ, ಎಲ್ಲಿಗೆ ಓಡಿ ಹೋಗುತ್ತದೆ ಅದು ಎಂದೆ. ಮಾರನೆಯ ದಿನ ಹೋಟೆಲಿನವರು ಕುರ್ಚಿಗಳನ್ನು ಮತ್ತೆ ಸರಿಯಾಗಿ ಇಟ್ಟಿದ್ದರು, ನಾವು ಮತ್ತೆ ತಿರುಗಿಸಿದೆವು.

ಆರಾಮು ಎನ್ನುವುದು ನನ್ನ ಮೈಗೆ ಒಗ್ಗುವುದಿಲ್ಲ ಎಂದು ಗೊತ್ತಾಗಿದ್ದು ಅಲ್ಲೇ. ಸುತ್ತ ಸದ್ದಿಲ್ಲದಿದ್ದರೆ ನನ್ನ ಕಿವಿಯೊಳಗೆ ಒಂದು ಜೀರುಂಡೆ ಶುರುವಾಗುತ್ತದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎಚ್ಚರವಾಗಿ, ಮೊದಲ ಪಾಳಿಗೆ ಹೊರಟವಳಂತೆ ತಲೆ ಬಾಚಿಕೊಂಡು ಮಂಚದ ತುದಿಯಲ್ಲಿ ಕೂತಿರುತ್ತಿದ್ದೆ. ಹೋಟೆಲಿನ ಟವೆಲಿನಲ್ಲಿ ಎರಡು ಎಳೆ ತಪ್ಪಿದ್ದು ಕಣ್ಣಿಗೆ ಬಿತ್ತು. ಕಿಟಕಿ ಪರದೆಯ ಅಂಚು ಬಿಚ್ಚಿಕೊಂಡಿತ್ತು, ಕೂತು ಅಷ್ಟನ್ನೂ ಗಂಟು ಹಾಕಿದೆ. ಅತ್ತಿಗೆ ನಕ್ಕಳು. ಅವಳೇನೋ ಸುಖವಾಗಿ ನಿದ್ದೆ ಮಾಡಿದ್ದಳು. ನನಗೆ ಅದೂ ಸಿಟ್ಟು.

ಎರಡನೆಯ ದಿನ ತಿಂಡಿಗೆ ಮೇಸ್ತ್ರಿ ಮೀಸೆ ಬೋಳಿಸಿಕೊಂಡು ಬಂದರು.

ಮೇಸ್ತ್ರಿ ಎಂದರೆ ನಮ್ಮ ಶೆಡ್ಡಿನ ಮಗ್ಗ ರಿಪೇರಿ ಮಾಡುತ್ತಿದ್ದವರು. ಹೆಂಡತಿ ತೀರಿ ಆರು ವರ್ಷವಾದ, ಸಾಧು ಮನುಷ್ಯ. ಅವರ ಮೀಸೆ ಶೆಡ್ಡಿಗೆಲ್ಲ ತಲೆನೋವು. ಮೇಲಿನ ತುಟಿ ಪೂರ್ತಿ ಮುಚ್ಚಿ, ಕೆಳಗಿನದನ್ನೂ ಅರ್ಧ ಮುಚ್ಚುವಷ್ಟು ದಟ್ಟ. ತುಟಿ ಕಾಣದವರ ತುಟಿಮಾತು ಯಾರಿಗೆ ಅರ್ಥವಾಗಬೇಕು? ಲಾಳಿ ಬದಲಿಸು ಎಂದರೋ ಊಟಕ್ಕೆ ನಡಿ ಎಂದರೋ ತಿಳಿಯದೆ ನಾವು ಒದ್ದಾಡುತ್ತಿದ್ದೆವು. ಮೂವತ್ತು ವರ್ಷ ಬೇಡಿಕೊಂಡರೂ ತೆಗೆಯದ ಮೀಸೆಯನ್ನು ದ್ವೀಪಕ್ಕೆ ಬಂದು ತೆಗೆದಿದ್ದರು. ಊಟದ ಕೋಣೆಯಲ್ಲಿ ನಗುವೋ ನಗು. ಮೇಜಿನಿಂದ ಮೇಜಿಗೆ ತುಟಿಗಳು ಹಾರಾಡಿದವು. ಒಬ್ಬಳು ಯಾರಯ್ಯ ಈ ಹೊಸ ಮನುಷ್ಯ ಎಂದಳು, ಇನ್ನೊಬ್ಬಳು ಸೆಕೆಗೆ ಉದುರಿರಬೇಕು ಎಂದಳು. ಮೇಸ್ತ್ರಿ ತಟ್ಟೆ ನೋಡುತ್ತಾ ಕೂತಿದ್ದರು. ಅತ್ತಿಗೆ ಮಾತ್ರ ನಗಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಹೊಳೆದಿದ್ದು ಮೂರನೆಯ ದಿನ ಮಧ್ಯಾಹ್ನ. ಎಲ್ಲರೂ ಉಂಡು ಅಡ್ಡಾಗಿದ್ದರು. ನನಗೆಲ್ಲಿಯ ನಿದ್ದೆ? ಮೇಲಿನ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಕಾಲು ಸವೆಸುತ್ತಿದ್ದೆ. ಕೆಳಗೆ ನೀರಿನ ಅಂಚಿನಲ್ಲಿ ಇಬ್ಬರು ನಿಂತಿದ್ದರು. ನನಗೆ ಬೆನ್ನು ಮಾಡಿದ್ದವಳು ಅತ್ತಿಗೆ. ಅವಳ ಎದುರು ನಿಂತು ನನ್ನ ಕಡೆಗೇ ಮುಖವಾಗಿದ್ದವರು ಮೇಸ್ತ್ರಿ. ಎಂಬತ್ತು ಹೆಜ್ಜೆ ದೂರವಿರಬಹುದು. ಶೆಡ್ಡಿನ ಉದ್ದ ಅದಕ್ಕಿಂತ ಹೆಚ್ಚು. ಬೋಳಿಸಿದ ತುಟಿ ಬಿಸಿಲಲ್ಲಿ ಬಿಚ್ಚಿಟ್ಟ ಹಾಗಿತ್ತು, ಒಂದೊಂದು ಅಕ್ಷರವೂ ಕಂಡಿತು.

"ನೀವು ನನ್ನ ಮಾತು ಓದ್ಲಿ ಅಂತಾನೇ ಮೀಸೆ ತೆಗೆದೆ. ನನ್ನ ಜೊತೆ ಬಂದು ಇರ್ತೀರಾ? ಮದುವೆ ಅಂತಾನೇ ಕೇಳ್ತಿದೀನಿ."

ಅತ್ತಿಗೆಯ ಬೆನ್ನು ಅಲುಗಲಿಲ್ಲ. ಅವಳೇನೋ ಹೇಳುತ್ತಿದ್ದಳು, ಬಾಯಿ ಕಾಣದು. ನಾನು ಅಲ್ಲಿ ನಿಲ್ಲಲಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಂಡೆ. ಇನ್ನೆರಡು ನಿಮಿಷ ನಿಂತು ಅವರ ಮರುಮಾತು ನೋಡಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ನಿಲ್ಲಲಿಲ್ಲ.

ಹೆದರಿಕೆಯಾಯಿತು, ಅಷ್ಟೇ. ಮುಚ್ಚಿಡುವುದೇನಿದೆ. ಮಿಲ್ಲು ಹೋಯಿತು, ಅಣ್ಣ ಎಂದೋ ಹೋದ, ಈಗ ಇವಳೂ ಹೋದರೆ ನಾನು ಆ ಎರಡು ಕೋಣೆಯಲ್ಲಿ ಯಾರ ಮುಖ ನೋಡಲಿ? ಕಿವಿ ಇದ್ದವರಿಗೆ ರೇಡಿಯೋ ಇದೆ, ಬೀದಿ ಇದೆ. ನನಗೆ ಮಾತು ಎಂದರೆ ಅತ್ತಿಗೆಯ ಮುಖ. ಅವಳಿಗೆ ಐವತ್ತಾರಾಯಿತು, ಈ ವಯಸ್ಸಿನಲ್ಲಿ ಮದುವೆಯಂತೆ ಎಂದು ಬೈದುಕೊಂಡೆ. ನನ್ನ ಅಣ್ಣನ ನೆನಪೂ ಇಲ್ಲವೇ ಎಂದೂ ಬೈದೆ. ಅಣ್ಣನ ನೆನಪು ನನಗೆ ಬಂದದ್ದು ಆಗಲೇ, ಅದಕ್ಕೂ ಮೊದಲು ಆರು ತಿಂಗಳು ಬಂದಿರಲಿಲ್ಲ.

ಸಂಜೆ ಅತ್ತಿಗೆ ರೂಮಿಗೆ ಬಂದಳು. ಕಾಲಿಗೆ ಮರಳು ಮೆತ್ತಿತ್ತು, ಮುಖ ಅರಳಿತ್ತು. ಎಲ್ಲಿ ಹೋಗಿದ್ದೆ ಎಂದೆ. ನೀರಲ್ಲಿ ಕಾಲಾಡಿಸಿ ಬಂದೆ ಎಂದಳು. ಯಾರಾದರೂ ಸಿಕ್ಕರಾ ಎಂದೆ. ಒಂದು ಕ್ಷಣ ನನ್ನ ಮುಖ ನೋಡಿ, ಊರಿಗೆ ಹೋದ ಮೇಲೆ ನಿನ್ನ ಹತ್ತಿರ ಒಂದು ಮಾತಾಡಬೇಕು, ಈಗ ಬೇಡ, ಈಗ ನೀನು ಆರಾಮಾಗಿರು ಎಂದಳು. ಆರಾಮಂತೆ! ಊರಿಗೆ ಹೋದ ಮೇಲಿನ ಮಾತು ಎಂಥದ್ದು ಎಂದು ನನಗೆ ಗೊತ್ತಿತ್ತು. ಅವಳು ಕನ್ನಡಿಯ ಮುಂದೆ ಕೂತು ಜಡೆ ಬಿಚ್ಚಿ ಮತ್ತೆ ಹೆಣೆದಳು, ನಾನು ಪರದೆಗೆ ಹಾಕಿದ್ದ ಗಂಟುಗಳನ್ನೆಲ್ಲ ಬಿಚ್ಚಿ ಹಾಕಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಪಾತ್ರೆಯ ಹತ್ತಿರ ಮೇಸ್ತ್ರಿ ಒಬ್ಬರೇ ಸಿಕ್ಕರು. ನನ್ನನ್ನು ಕಂಡು ನಕ್ಕರು. ಆ ಬರಿ ತುಟಿಯ ನಗು ಇನ್ನೂ ಹೊಸದು, ಮೂಲೆಯಲ್ಲಿ ಸ್ವಲ್ಪ ನಡುಗುತ್ತಿತ್ತು. ನನ್ನ ಲೋಟಕ್ಕೂ ಅವರೇ ಚಹಾ ಬಗ್ಗಿಸಿದರು. ಮೊದಲೇ ಯೋಚಿಸಿಟ್ಟುಕೊಂಡು ಹೋಗಿರಲಿಲ್ಲ, ದೇವರಾಣೆಗೂ ಇಲ್ಲ. ಬಾಯಿಗೆ ಬಂತು, ಆಡಿಬಿಟ್ಟೆ.

"ಮೇಸ್ತ್ರಿಗಳೇ, ಬೇಜಾರು ಮಾಡ್ಕೋಬೇಡಿ. ಅತ್ತಿಗೆಗೆ ನಿಮ್ಮ ಎದುರು ಇಲ್ಲ ಅನ್ನೋಕೆ ದಾಕ್ಷಿಣ್ಯ. ರೂಮಿಗೆ ಬಂದು ನಗ್ತಾಳೆ. ಮೀಸೆ ತೆಗೆದ ಮೇಲೆ ಪುಕ್ಕ ಕಿತ್ತ ಕೋಳಿ ಥರ ಇದಾರೆ ಅಂತ ಹೆಂಗಸರಿಗೆಲ್ಲ ಮಾಡಿ ತೋರಿಸಿದಾಳೆ."

ಅವರು ನಂಬಿದರು. ಯಾಕೆ ನಂಬುವುದಿಲ್ಲ? ಎರಡು ದಿನದಿಂದ ಹೆಂಗಸರ ನಗು ಅವರೂ ಕಂಡಿದ್ದರಲ್ಲ. ಲೋಟ ಕೆಳಗಿಟ್ಟು, ಮೆಲ್ಲಗೆ ಕೈ ಎತ್ತಿ ಬಾಯಿ ಮುಚ್ಚಿಕೊಂಡರು. ಆಮೇಲೆ ತಲೆಯಾಡಿಸಿ ಹೊರಟುಹೋದರು.

ಒಂದು ಗಂಟೆ ನನಗೆ ಗೆದ್ದ ಹಾಗೆ ಇತ್ತು. ತಿಂಡಿ ಎರಡು ಸಲ ಹಾಕಿಸಿಕೊಂಡೆ. ಮಧ್ಯಾಹ್ನದ ಊಟಕ್ಕೆ ಮೇಸ್ತ್ರಿ ಬರಲಿಲ್ಲ. ಅತ್ತಿಗೆಯ ಕಣ್ಣು ಬಾಗಿಲಲ್ಲೇ ಇತ್ತು. ಸಂಜೆ ಎಲ್ಲರನ್ನೂ ಹವಳದ ದಂಡೆ ತೋರಿಸಲು ಕರೆದುಕೊಂಡು ಹೋದಾಗ ಅವರು ಎಲ್ಲರಿಗಿಂತ ಹಿಂದೆ ನಡೆದು ಬಂದರು. ಕೊರಳಿಗೆ ಹಾಕಿದ್ದ ಟವೆಲನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. ಅತ್ತಿಗೆ ನಿಂತು, ಅವರು ಹತ್ತಿರ ಬರಲಿ ಎಂದು ಕಾದಳು. ಅವರು ಬೇರೆ ದಾರಿ ಹಿಡಿದರು. ಅವಳು ಮರಳಿನ ಮೇಲೆ ಹಾಗೇ ನಿಂತಿದ್ದಳು, ಕೈಯಲ್ಲಿ ಎರಡು ಎಳನೀರು.

ಅದನ್ನು ನೋಡಿದ ಮೇಲೆ ತಿಂದದ್ದು ಮೈಗೆ ಹತ್ತಲಿಲ್ಲ. ಹೋಗಿ ಹೇಳಿಬಿಡು ಎಂದು ಒಂದು ಮನಸ್ಸು, ತಾನಾಗಿ ತಣ್ಣಗಾಗುತ್ತದೆ ಸುಮ್ಮನಿರು ಎಂದು ಇನ್ನೊಂದು. ಎರಡು ಸಲ ಮೇಸ್ತ್ರಿಯ ರೂಮಿನವರೆಗೆ ಹೋಗಿ ವಾಪಸು ಬಂದೆ. ಅತ್ತಿಗೆ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಮ್ಮಂಥವರು ಮುಖ ತಿರುಗಿಸಿದರೆ ಮಾತು ಮುಗಿದ ಹಾಗೆ. ಬೆನ್ನಿಗೆ ಏನು ಹೇಳಿದರೂ ತಲುಪುವುದಿಲ್ಲ.

ಐದನೆಯ ದಿನ ವಾಪಸು ಹೊರಡುವ ದೋಣಿ. ಎರಡು ಕಡೆ ಉದ್ದದ ಹಲಗೆ, ಜನ ಎದುರುಬದುರು ಕೂರಬೇಕು, ನಡುವೆ ಎಂಜಿನ್ನು. ಅದು ಶುರುವಾಗಿದ್ದೇ ತಡ, ಹಲಗೆಯಿಂದ ಹಿಡಿದು ಹಲ್ಲಿನವರೆಗೆ ಎಲ್ಲ ನಡುಗತೊಡಗಿತು. ಗೈಡು ಎರಡೂ ಕಿವಿ ಮುಚ್ಚಿಕೊಂಡ. ನಮ್ಮವರ ಮುಖ ನೋಡಬೇಕಿತ್ತು. ಐದು ದಿನ ಮಂಕಾಗಿದ್ದವರೆಲ್ಲ ನೆಟ್ಟಗೆ ಕೂತರು, ಈ ಹಲಗೆಯಿಂದ ಆ ಹಲಗೆಗೆ ತುಟಿಗಳು ಹೊರಟವು. ನನ್ನ ಕಿವಿಯ ಜೀರುಂಡೆಯೂ ನಿಂತಿತು. ಎಲ್ಲರಿಗೂ ಮನೆಗೆ ಬಂದ ಹಾಗಾಗಿತ್ತು.

ಅತ್ತಿಗೆ ನನ್ನ ಎದುರು ಕೂತಿದ್ದಳು. ಅವಳ ಸಾಲಿನಲ್ಲೇ, ನಾಲ್ಕು ಜನ ಬಿಟ್ಟು, ಟವೆಲು ಮುಚ್ಚಿಕೊಂಡ ಮೇಸ್ತ್ರಿ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ಹುಬ್ಬುಗಳ ನಡುವೆ ಬೆರಳಿಟ್ಟು ಒತ್ತಿದಳು. ನನ್ನ ಹೆಸರು.

"ನಿನ್ನೆ ಚಹಾ ಹತ್ರ ನೀನು ಅವರ ಜೊತೆ ನಿಂತಿದ್ದೆ ಅಂತ ಯಾರೋ ಹೇಳಿದ್ರು. ಅದಾದ ಮೇಲೆ ಅವರು ನನಗೆ ಮುಖ ತೋರಿಸ್ತಿಲ್ಲ. ಏನಂದೆ?"

ತುಟಿಮಾತಿನಲ್ಲಿ ಪಿಸುಗುಟ್ಟುವುದು ಎನ್ನುವುದೇ ಇಲ್ಲ. ಆಡಿದರೆ ಎಲ್ಲರಿಗೂ ಕಾಣುತ್ತದೆ. ನಾನು ಬಾಯಿ ಬಿಟ್ಟರೆ ಎದುರಿನ ಹಲಗೆಯ ಇಪ್ಪತ್ತು ಜನಕ್ಕೂ, ಅವರ ಜೊತೆ ಮೇಸ್ತ್ರಿಗೂ ಗೊತ್ತಾಗುತ್ತದೆ. ಏನೂ ಇಲ್ಲ ಎಂದುಬಿಡೋಣ ಎಂದು ತುಟಿ ತೆರೆದೆ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆ ಮುಖವನ್ನು ನಾನು ಬಲ್ಲೆ. ಅಣ್ಣ ಹೋದ ವಾರವೂ ಹೀಗೇ ಇತ್ತು. ಆಗ ಕಷ್ಟ ಎಲ್ಲಿಂದಲೋ ಬಂದಿತ್ತು, ಈ ಸಲ ನಾನೇ ತಂದಿದ್ದೆ.

ಹೇಳಿದೆ. ಒಂದೂ ಬಿಡದೆ ಹೇಳಿದೆ. ವರಾಂಡದಿಂದ ನೋಡಿದ್ದು, ಪುಕ್ಕ ಕಿತ್ತ ಕೋಳಿ, ಅವಳು ನಗುತ್ತಾಳೆ ಎಂದದ್ದು, ಎಲ್ಲ ನನ್ನ ಸುಳ್ಳು. ನಿಧಾನವಾಗಿ, ತುಟಿ ಅಗಲಿಸಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ತಿಳಿಯುವಂತೆ ಹೇಳಿದೆ. ಎದುರಿನ ಹಲಗೆಯಲ್ಲಿ ಒಂದೊಂದಾಗಿ ತುಟಿಗಳು ನಿಂತವು. ಮೇಸ್ತ್ರಿಯ ಕೈ ಟವೆಲನ್ನು ಕೆಳಗೆ ಎಳೆಯಿತು. ಎರಡು ದಿನದ ಗಡ್ಡ ಬೆಳೆದಿತ್ತು. ಅವರು ಅತ್ತಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

ಅತ್ತಿಗೆಯ ತುಟಿ ಆಡಿತು.

"ನಾನು ಅವತ್ತೇ ಹೂಂ ಅಂದಿದ್ದೆ. ನನ್ನ ನಾದಿನೀನೂ ನಮ್ಮ ಜೊತೇಲೇ ಇರ್ಬೇಕು, ಅವಳನ್ನ ಬಿಟ್ಟು ಬರಲ್ಲ ಅಂದೆ. ಅವರು ಒಪ್ಪಿದ್ರು. ಒಂದು ರೂಮು ಜಾಸ್ತಿ ಇದೆ, ಬಿಸಿಲು ಬರತ್ತೆ ಅಂದ್ರು."

ಇಷ್ಟು ಹೇಳಿ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಮೂವತ್ತು ವರ್ಷ ನಿನ್ನ ಮುಖ ನೋಡ್ಕೊಂಡು ನಿಂತೆ. ಇನ್ನು ಸಾಕು."

ಎದ್ದಳು. ದೋಣಿ ಹೊಯ್ದಾಡುತ್ತಿತ್ತು, ಗೈಡು ಕೂತ್ಕೊಳ್ಳಿ ಎಂದು ಕೆಂಪು ಟವೆಲು ಬೀಸಿದ. ನಾಲ್ಕು ಜನರ ಮಂಡಿ ದಾಟಿ, ಒಬ್ಬೊಬ್ಬರ ಭುಜ ಹಿಡಿದುಕೊಂಡು ಹೋಗಿ ಮೇಸ್ತ್ರಿಯ ಪಕ್ಕ ಕೂತಳು. ಅವರು ಜಾಗ ಬಿಟ್ಟುಕೊಟ್ಟರು. ಇಬ್ಬರೂ ತಿರುಗಿ ಸಮುದ್ರ ನೋಡುತ್ತಾ ಕೂತರು. ನನ್ನ ಪಕ್ಕದವಳು, ಎಂಟನೆಯ ಮಗ್ಗದವಳು, ನನ್ನ ತೊಡೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತಿಗೆ ತೆಗೆದಳು. ಅವರಿಬ್ಬರೂ ಸುಖವಾಗಿರಲಿ ಎಂದು ನನಗೆ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಿಸಿಲು ಬರುವ ಆ ರೂಮು ಹೇಗಿದ್ದಿರಬಹುದು ಎಂದಷ್ಟೇ ಯೋಚಿಸುತ್ತಿದ್ದೆ.

ದಡ ಬಂತು. ಎಂಜಿನ್ನು ನಿಂತಿತು. ಎಲ್ಲರೂ ತಮ್ಮ ತಮ್ಮ ಚೀಲ ಹುಡುಕುತ್ತಾ ನನ್ನ ಕಡೆ ನೋಡದೆ ಇಳಿದರು. ನಾನು ಕೊನೆಯವಳು. ಕಟ್ಟೆಯ ಮೇಲೆ ಅತ್ತಿಗೆ ನಿಂತಿದ್ದಳು, ಮೇಸ್ತ್ರಿ ಸ್ವಲ್ಪ ದೂರದಲ್ಲಿ ಎರಡು ಪೆಟ್ಟಿಗೆ ಹಿಡಿದು ಬಸ್ಸಿನ ಹತ್ತಿರ ಕಾಯುತ್ತಿದ್ದರು. ಅವರ ಅಕ್ಕನ ಮನೆಗೆ ಹೋಗುತ್ತೇನೆ, ಮದುವೆ ಆಗುವವರೆಗೆ ಅಲ್ಲೇ ಇರುತ್ತೇನೆ ಎಂದಳು. ನಾನು ಅತ್ತಿಗೆ ಎಂದು ಕರೆದೆ. ಅವಳು ಪರ್ಸಿನಿಂದ ತನ್ನ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇದು ನಿನ್ನ ಹತ್ರಾನೇ ಇರ್ಲಿ. ನಾನು ಬಂದಾಗ ಬಾಗಿಲು ತಟ್ತೀನಿ."

ಅವಳ ಮನೆ ಅದು. ಅಣ್ಣ ಕರೆದುತಂದ ದಿನದಿಂದ ಅವಳದೇ. ಪರರ ಮನೆಯ ಹಾಗೆ ತಟ್ಟುತ್ತಾಳಂತೆ. ತುಟಿ ನಡುಗಿದರೆ ತುಟಿಮಾತು ಬರುವುದಿಲ್ಲ, ಎರಡು ಸಲ ಹೇಳಬೇಕಾಯಿತು.

"ನೀನು ತಟ್ಟಿದ್ರೆ ನನಗೆ ಕೇಳ್ಸಲ್ಲ ಅತ್ತಿಗೆ."

"ಗೊತ್ತು," ಎಂದಳು. "ಕಿಟಕಿ ಹತ್ರ ಕೂತಿರು."

ಇವತ್ತಿಗೆ ಹತ್ತೊಂಬತ್ತು ದಿನ. ಹಾಲು ತರಲು ಹೋದರೂ ಓಡಿ ಬರುತ್ತೇನೆ.